ಡಬಲ್ ಡೈಯೋ, ಸವೆದ ಅಚ್ಚಿನ ನೆರಳೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಮೂವತ್ತೊಂದು ವರ್ಷ ಕುಳಿತವನು ನಾನು. ಇಡ್ಲಿ ವಡೆಯ ಬಿಲ್ಲಿನ ಜೊತೆ ಬಂದ ಚಿಲ್ಲರೆಯನ್ನು ಎಣಿಸುತ್ತ ಎಣಿಸುತ್ತ ನಾಣ್ಯಗಳ ಮುಖ ನೋಡುವ ಚಟ ಹತ್ತಿತು. ಈಗ ಗಲ್ಲೆ ಬಿಟ್ಟಿದ್ದೇನೆ, ಚಟ ಬಿಟ್ಟಿಲ್ಲ. ಡೊಂಬಿವಲಿಯಿಂದ, ಘಾಟ್ಕೋಪರದಿಂದ, ಥಾಣೆಯಿಂದ ಕನ್ನಡದವರು ನಾಣ್ಯದ ಫೋಟೊ ಕಳುಹಿಸುತ್ತಾರೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು: ‘ಅಣ್ಣಾ, ಅಕ್ಷರ ಎರಡೆರಡು ಕಾಣುತ್ತಿದೆ, ಇದು ಡಬಲ್ ಡೈ ಅಲ್ಲವೇ?’ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಬಾರಿ ‘ಅಲ್ಲ’ ಎಂದು ಬರೆದು ನನಗೇ ಬೇಸರ ಬಂದಿದೆ. ಏಕೆ ಅಲ್ಲ ಎಂಬುದನ್ನು ಒಂದು ಸಲ ಕೂತು ಬರೆದುಬಿಡೋಣ ಎಂದು ಈ ಪುಟ.

ಡಬಲ್ ಡೈ ಎಂದರೆ ನಾಣ್ಯಕ್ಕೆ ಎರಡು ಸಲ ಪೆಟ್ಟು ಬಿದ್ದಿದೆ ಎಂದಲ್ಲವೇ?

ಅಲ್ಲ. ಇದು ಎಲ್ಲರೂ ಎಡವುವ ಮೊದಲ ಮೆಟ್ಟಿಲು. ನಾಣ್ಯಕ್ಕೆ ಎರಡು ಸಲ ಪೆಟ್ಟು ಬಿದ್ದರೆ ಅದು ಎರಡು ಪೆಟ್ಟಿನ ನಾಣ್ಯ. ಆ ತಪ್ಪು ಆ ಒಂದು ನಾಣ್ಯದ್ದು ಮಾತ್ರ, ಪಕ್ಕದ ನಾಣ್ಯ ಸರಿಯಾಗಿಯೇ ಇರುತ್ತದೆ. ಡಬಲ್ ಡೈಯಲ್ಲಿ ನಾಣ್ಯಕ್ಕೆ ಬೀಳುವುದು ಒಂದೇ ಪೆಟ್ಟು, ಆದರೆ ಹೊಡೆಯುವ ಅಚ್ಚಿನಲ್ಲೇ ಎರಡು ಚಿತ್ರ ಕುಳಿತಿರುತ್ತದೆ. ಆ ಅಚ್ಚು ಹೊಡೆದ ಪ್ರತಿಯೊಂದು ನಾಣ್ಯವೂ ಅದೇ ಜೋಡುಗೆರೆಯನ್ನು ಹೊತ್ತುಕೊಂಡು ಹೊರಗೆ ಬರುತ್ತದೆ.

ನನ್ನ ಹೆಂಡತಿ ಹಾಸನದ ಕಡೆಯವಳು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮರದ ಅಚ್ಚುಗಳನ್ನು ತವರಿನಿಂದ ತಂದಿದ್ದಾಳೆ. ಅವುಗಳಲ್ಲಿ ಒಂದು ಗಿಳಿ. ಕೆತ್ತುವ ಬಡಗಿಯ ಉಳಿ ಜಾರಿ ಗಿಳಿಗೆ ಎರಡು ಕೊಕ್ಕು ಮೂಡಿದ್ದರೆ, ಪ್ರತಿ ವರ್ಷ ಎಳ್ಳಿನ ತಟ್ಟೆಗೆ ಬರುವ ಎಲ್ಲ ಗಿಳಿಗಳಿಗೂ ಎರಡು ಕೊಕ್ಕು ಇರುತ್ತಿತ್ತು. ಡಬಲ್ ಡೈ ಎಂದರೆ ಇಷ್ಟೇ. ನಮ್ಮ ಗಿಳಿಗೆ ಆದದ್ದು ಬೇರೆ ಕಥೆ, ಅದನ್ನು ಸ್ವಲ್ಪ ಕೆಳಗೆ ಹೇಳುತ್ತೇನೆ.

ಟಂಕಸಾಲೆಯಂಥ ಕಡೆ ಅಚ್ಚಿನಲ್ಲೇ ಎರಡು ಚಿತ್ರ ಹೇಗೆ ಬರಲು ಸಾಧ್ಯ?

ನಾಣ್ಯದ ಅಚ್ಚನ್ನು ಒಂದೊಂದಾಗಿ ಕೈಯಲ್ಲಿ ಕೆತ್ತುವುದಿಲ್ಲ. ಮೊದಲು ಚಿತ್ರ ಉಬ್ಬಿರುವ ಒಂದು ಉಕ್ಕಿನ ತುಂಡನ್ನು ತಯಾರಿಸುತ್ತಾರೆ. ಅದಕ್ಕೆ ಹಬ್ ಎನ್ನುತ್ತಾರೆ, ನಾನು ಉಬ್ಬಚ್ಚು ಎನ್ನುತ್ತೇನೆ. ಅದನ್ನು ಮೆದು ಮಾಡಿದ ಇನ್ನೊಂದು ಉಕ್ಕಿನ ತುಂಡಿನ ಮೇಲೆ ಭಾರಿ ಒತ್ತಡದಲ್ಲಿ ಒತ್ತಿದಾಗ ಚಿತ್ರ ಒಳಕ್ಕೆ ಇಳಿದ ಅಚ್ಚು, ಅಂದರೆ ಡೈ, ಸಿದ್ಧವಾಗುತ್ತದೆ. ಆ ಡೈ ಖಾಲಿ ಬಿಲ್ಲೆಯನ್ನು ಹೊಡೆದಾಗ ನಾಣ್ಯ.

ಹಿಂದಿನ ಕಾಲದಲ್ಲಿ ಒಂದೇ ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಒತ್ತಿದ ಉಕ್ಕು ಬಿಗಿಯಾಗಿ ಗಟ್ಟಿಯಾಗುತ್ತಿತ್ತು. ಅದನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ಮೆದು ಮಾಡಿ, ಅದೇ ಉಬ್ಬಚ್ಚಿನ ಕೆಳಗೆ ಅದೇ ಜಾಗದಲ್ಲಿ ಕೂರಿಸಿ ಎರಡನೆಯ ಸಲ ಒತ್ತಬೇಕಾಗಿತ್ತು. ಕೆಲವೊಮ್ಮೆ ಮೂರನೆಯ ಸಲವೂ. ಎರಡನೆಯ ಸಲ ಕೂರಿಸುವಾಗ ಕೂದಲೆಳೆಯಷ್ಟು ತಿರುಗಿದರೂ ಸಾಕು, ಮೊದಲ ಚಿತ್ರದ ಪಕ್ಕದಲ್ಲೇ ಇನ್ನೊಂದು ಚಿತ್ರ. ತಿರುಗಿದ್ದು, ಓರೆಯಾದದ್ದು, ಪಕ್ಕಕ್ಕೆ ಸರಿದದ್ದು, ಮೊದಲ ಸಲ ಒಂದು ಉಬ್ಬಚ್ಚು ಎರಡನೆಯ ಸಲ ಸ್ವಲ್ಪ ಬೇರೆ ವಿನ್ಯಾಸದ ಉಬ್ಬಚ್ಚು ಬಳಸಿದ್ದು, ಹೀಗೆ ಇದರಲ್ಲಿ ಎಂಟು ಬಗೆ ಎಂದು ಅಮೆರಿಕದ ಸಂಗ್ರಾಹಕರು ಲೆಕ್ಕ ಇಟ್ಟಿದ್ದಾರೆ. ಎಂಟನ್ನೂ ಬಾಯಿಪಾಠ ಮಾಡುವ ಅಗತ್ಯ ಸದ್ಯಕ್ಕೆ ನಿಮಗಿಲ್ಲ.

ಹಾಗಾದರೆ ಸವೆದ ಅಚ್ಚು ಎರಡು ಗೆರೆ ಏಕೆ ತೋರಿಸುತ್ತದೆ? ಸವೆದರೆ ಗೆರೆ ಅಳಿಯಬೇಕಲ್ಲವೇ?

ಒಳ್ಳೆಯ ಪ್ರಶ್ನೆ. ನನಗೂ ಇದು ಬಹಳ ಕಾಲ ಅರ್ಥವಾಗಿರಲಿಲ್ಲ.

ಅಚ್ಚು ಬಿಲ್ಲೆಯನ್ನು ಹೊಡೆದಾಗ ಲೋಹ ಒಂದು ಕ್ಷಣ ಹಿಟ್ಟಿನಂತೆ ಹರಿಯುತ್ತದೆ. ನಡುವಿನಿಂದ ಅಂಚಿನ ಕಡೆಗೆ ನುಗ್ಗುತ್ತದೆ, ಅಕ್ಷರಗಳ ಹಳ್ಳದೊಳಗೆ ತುಂಬಿಕೊಳ್ಳುತ್ತದೆ. ಹಾಗೆ ನುಗ್ಗುವಾಗ ಅಚ್ಚಿನ ಮೈಯನ್ನು ಉಜ್ಜಿಕೊಂಡೇ ಹೋಗುತ್ತದೆ. ಒಂದೆರಡು ಸಲವಲ್ಲ, ಲಕ್ಷಗಟ್ಟಲೆ ಸಲ. ದಿನವೂ ನೂರಾರು ಕಾಲುಗಳು ತುಳಿಯುವ ಕಲ್ಲಿನ ಮೆಟ್ಟಿಲಿನ ಅಂಚು ಹೇಗೆ ಗುಂಡಗಾಗುತ್ತದೋ ಹಾಗೆ ಅಚ್ಚಿನ ಅಕ್ಷರದ ಹಳ್ಳದ ಬಾಯಿಯೂ ಗುಂಡಗಾಗುತ್ತದೆ, ಅಗಲವಾಗುತ್ತದೆ. ಅಚ್ಚಿನಲ್ಲಿ ಬಾಯಿ ಅಗಲವಾದರೆ ನಾಣ್ಯದ ಅಕ್ಷರದ ಬುಡ ಅಗಲವಾಗಬೇಕು ತಾನೇ? ಅಕ್ಷರದ ನೆತ್ತಿ ಮೊದಲಿನಷ್ಟೇ ಇರುತ್ತದೆ, ಬುಡದಲ್ಲಿ ಮಾತ್ರ ಒಂದು ದಿಂಡು, ಒಂದು ಮಸುಕು ನೆರಳು. ಬೆಳಕು ಓರೆಯಾಗಿ ಬಿದ್ದಾಗ ಆ ದಿಂಡು ಎರಡನೆಯ ಅಕ್ಷರದ ವೇಷ ಹಾಕುತ್ತದೆ.

ಅಂಚಿನ ಹತ್ತಿರ ಲೋಹದ ಎಳೆತ ಜೋರು. ಅದಕ್ಕೇ ಈ ನೆರಳು ಹೆಚ್ಚಾಗಿ ಕಾಣಿಸುವುದು ಅಂಚಿಗೆ ಅಂಟಿಕೊಂಡ ಅಕ್ಷರ ಮತ್ತು ಅಂಕಿಗಳಲ್ಲಿ. 1992ರಿಂದ ಬಂದ, ತೆನೆಯ ಚಿತ್ರವಿರುವ ತುಕ್ಕು ಹಿಡಿಯದ ಉಕ್ಕಿನ ಒಂದು ರೂಪಾಯಿ ನೆನಪಿದೆಯೇ? 25 ಮಿಲಿಮೀಟರ್ ಅಗಲ, 4.85 ಗ್ರಾಂ ತೂಕ. ನನ್ನ ಗಲ್ಲೆಗೆ ಬಂದ ನೆರಳಿನ ನಾಣ್ಯಗಳಲ್ಲಿ ದೊಡ್ಡ ಪಾಲು ಇದರದ್ದೇ. ಹಳೆಯ ತಾಮ್ರ-ನಿಕ್ಕೆಲ್ ನಾಣ್ಯಕ್ಕಿಂತ ಉಕ್ಕು ಗಟ್ಟಿ, ಅಚ್ಚಿನ ಮೇಲೆ ಅದರ ಹಟವೂ ಹೆಚ್ಚು.

ಈಗ ಗಿಳಿಯ ಕಥೆ. ನಮ್ಮ ಮನೆಗೆ ಬಂದಾಗ ಅದರ ಕೊಕ್ಕು ಸೂಜಿಯಂತಿತ್ತು, ರೆಕ್ಕೆಯ ಗೆರೆಗಳನ್ನು ಎಣಿಸಬಹುದಿತ್ತು. ಪ್ರತಿ ವರ್ಷ ಬಿಸಿ ಪಾಕ ಹೊಯ್ದು, ತೊಳೆದು, ಒರೆಸಿ, ಈಗ ಕೊಕ್ಕು ಬಾತುಕೋಳಿಯದ್ದಾಗಿದೆ. ರೆಕ್ಕೆಯ ಗೆರೆ ಒಂದಕ್ಕೊಂದು ಸೇರಿ ದಪ್ಪನೆಯ ಮಡಿಕೆಯಾಗಿದೆ. ಬಡಗಿಯ ತಪ್ಪು ಇದರಲ್ಲಿ ಏನೂ ಇಲ್ಲ, ಅಚ್ಚು ದುಡಿದು ದಣಿದಿದೆ ಅಷ್ಟೆ.

ನನ್ನ ನಾಣ್ಯ ಹೊಚ್ಚ ಹೊಸದು, ಫಳಫಳ ಹೊಳೆಯುತ್ತಿದೆ. ಇದರಲ್ಲಿ ಸವೆತ ಎಲ್ಲಿಂದ ಬಂತು?

ನಾಣ್ಯ ಸವೆಯುವುದು ಬೇರೆ, ಅಚ್ಚು ಸವೆಯುವುದು ಬೇರೆ. ಬ್ಯಾಂಕಿನ ಚೀಲ ಬಿಚ್ಚಿ ತೆಗೆದ, ಯಾರ ಜೇಬಿಗೂ ಹೋಗದ ನಾಣ್ಯವೂ ಮುದಿ ಅಚ್ಚಿನ ಕೂಸಾಗಿರಬಹುದು. ಬದಲಿಗೆ ಐವತ್ತು ವರ್ಷ ಕೈಯಿಂದ ಕೈಗೆ ಓಡಾಡಿ ಬೋಳಾದ ನಾಣ್ಯವನ್ನು ಹೊಡೆದ ಅಚ್ಚು ಅಂದು ಹೊಚ್ಚ ಹೊಸದಾಗಿದ್ದಿರಬಹುದು. ಹೊಳಪು ನೋಡಿ ತೀರ್ಪು ಕೊಡಬೇಡಿ. ನಿಜ ಹೇಳಬೇಕೆಂದರೆ ಹೊಳೆಯುವ ನಾಣ್ಯದಲ್ಲೇ ಅಚ್ಚಿನ ಸವೆತ ಚೆನ್ನಾಗಿ ಕಾಣುವುದು. ಓಡಾಡಿದ ನಾಣ್ಯದಲ್ಲಿ ಎರಡು ಸವೆತಗಳೂ ಕಲಸಿಹೋಗಿರುತ್ತವೆ.

ಭೂತಗನ್ನಡಿ ಹಿಡಿದಾಗ ಮೊದಲು ಏನನ್ನು ನೋಡಬೇಕು?

ಅಕ್ಷರವನ್ನು ಅಲ್ಲ, ಅಕ್ಷರದ ಪಕ್ಕದ ಖಾಲಿ ಜಾಗವನ್ನು. ಎಲ್ಲರೂ ನೇರವಾಗಿ ಜೋಡುಗೆರೆಗೆ ಕಣ್ಣು ನೆಡುತ್ತಾರೆ, ಅಲ್ಲೇ ಮೋಸ ಹೋಗುತ್ತಾರೆ. ದಣಿದ ಅಚ್ಚಿನ ನಾಣ್ಯದಲ್ಲಿ ಅಂಚಿನ ಹತ್ತಿರದ ಬಯಲು ನುಣುಪಾಗಿರುವುದಿಲ್ಲ. ಕಿತ್ತಳೆ ಸಿಪ್ಪೆಯಂತೆ ಸಣ್ಣ ಸಣ್ಣ ಗುಳಿ. ಜೊತೆಗೆ ನಡುವಿನಿಂದ ಅಂಚಿನ ಕಡೆಗೆ ಮಕ್ಕಳು ಬರೆದ ಸೂರ್ಯನ ಕಿರಣದಂತೆ ನವಿರಾದ ಗೆರೆಗಳು. ಅದು ಲೋಹ ಹರಿದು ಹೋದ ದಾರಿ. ಇವೆರಡೂ ಕಂಡವೆಂದರೆ ಅನುಮಾನ ಸವೆತದ ಕಡೆ ವಾಲಬೇಕು.

ಆಮೇಲೆ ಅಕ್ಷರ. ಮೂಲೆಗೆ ಹೋಗಿ. ನಿಜವಾದ ಡಬಲ್ ಡೈಯ ಗುಟ್ಟೆಲ್ಲ ಮೂಲೆಯಲ್ಲಿದೆ. ಒಂದು ನೆಟ್ಟನೆಯ ಕಡ್ಡಿಯ ಮೇಲೆ ಇನ್ನೊಂದು ನೆಟ್ಟನೆಯ ಕಡ್ಡಿಯನ್ನು ತುಸು ಸರಿಸಿ ಇಟ್ಟರೆ ಎರಡರ ತುದಿಗಳು ಸೇರುವಲ್ಲಿ ಒಂದು ಕಚ್ಚು ಉಳಿಯುತ್ತದೆ, ಹಲಸಿನ ಎಲೆ ಹರಿದ ಹಾಗೆ ಒಂದು ಚಿಕ್ಕ ‘ವಿ’ ಆಕಾರ. ನಮ್ಮ ನಾಣ್ಯಗಳಲ್ಲಿ ‘ಭಾರತ’ ಎಂದು ದೇವನಾಗರಿಯಲ್ಲಿ ಇದೆಯಲ್ಲ, ಅದರ ತಲೆಗೆರೆಯ ಎರಡು ತುದಿಗಳನ್ನು ನೋಡಿ. ‘ಇಂಡಿಯಾ’ ಎಂಬ ಇಂಗ್ಲಿಷ್ ಪದದಲ್ಲಿ ಮೊದಲ ನೆಟ್ಟಗಿನ ಅಕ್ಷರದ ಮೇಲ್ತುದಿ ಕೆಳತುದಿ ನೋಡಿ. ಡಬಲ್ ಡೈಯಲ್ಲಿ ತುದಿ ಸೀಳಿರುತ್ತದೆ, ಕಚ್ಚು ಚೂಪಾಗಿರುತ್ತದೆ, ಎರಡೂ ಚಿತ್ರಗಳಿಗೆ ಅವುಗಳದ್ದೇ ಆದ ಉಬ್ಬು ಮತ್ತು ದುಂಡಗಿನ ಬೆನ್ನು ಇರುತ್ತದೆ. ಸವೆದ ಅಚ್ಚಿನಲ್ಲಿ ಮೂಲೆ ಕರಗಿರುತ್ತದೆ. ಬಿಸಿಲಿಗೆ ಇಟ್ಟ ಬೆಣ್ಣೆಯ ಮುದ್ದೆಯ ಹಾಗೆ ಎಲ್ಲ ಅಂಚೂ ಕೆಳಗಿಳಿದು ಹರಡಿರುತ್ತದೆ, ಕಚ್ಚು ಎಂಬುದು ಇರುವುದೇ ಇಲ್ಲ.

ಮೂರನೆಯದು ದಿಕ್ಕು. ಇಲ್ಲಿ ಒಂದು ಬಲೆ ಇದೆ. ಉಬ್ಬಚ್ಚು ತಿರುಗಿದ್ದರಿಂದ ಆದ ಡಬಲ್ ಡೈಯಲ್ಲೂ ಅಂಚಿನ ಅಕ್ಷರಗಳಲ್ಲೇ ಅಂತರ ಹೆಚ್ಚು. ತಿರುಗುವ ಚಕ್ರದಲ್ಲಿ ನಡುವಿಗಿಂತ ಹೊರ ಅಂಚು ಹೆಚ್ಚು ದೂರ ಓಡುತ್ತದಲ್ಲ, ಹಾಗೆ. ಆದ್ದರಿಂದ ‘ಅಂಚಿನಲ್ಲಿ ಜಾಸ್ತಿ, ನಡುವೆ ಇಲ್ಲ’ ಎಂಬುದೊಂದರಿಂದ ಏನೂ ತೀರ್ಮಾನವಾಗುವುದಿಲ್ಲ. ಎರಡನೆಯ ಗೆರೆ ಯಾವ ಕಡೆಗೆ ಸರಿದಿದೆ ಎಂದು ನೋಡಬೇಕು. ಎಲ್ಲ ಅಕ್ಷರಗಳಲ್ಲೂ ಪ್ರದಕ್ಷಿಣೆಯಾಗಿ, ಅಥವಾ ಎಲ್ಲದರಲ್ಲೂ ಅಪ್ರದಕ್ಷಿಣೆಯಾಗಿ ಸರಿದಿದ್ದರೆ ಆ ನಾಣ್ಯವನ್ನು ಪಕ್ಕಕ್ಕೆ ಎತ್ತಿಡಿ. ನೆರಳು ಅಂಚಿನ ಕಡೆಗೆ ಹೊರಳಿದ್ದರೆ, ಒಂದು ಅಕ್ಷರದಲ್ಲಿ ಎಡಕ್ಕೆ ಇನ್ನೊಂದರಲ್ಲಿ ಎರಡೂ ಬದಿಗೆ ಎಂದು ಮನಬಂದಂತೆ ಇದ್ದರೆ, ಅದು ಸವೆತ.

ನನ್ನದರಲ್ಲಿ ನೆರಳಲ್ಲ, ಮೆಟ್ಟಿಲಿನ ಹಾಗೆ ಚಪ್ಪಟೆಯಾದ ಸ್ಪಷ್ಟ ಗೆರೆ ಇದೆ. ಈಗಲಾದರೂ ಡಬಲ್ ಡೈ ಎನ್ನುತ್ತೀರಾ?

ಇಲ್ಲ. ಇದು ಮೂರನೆಯ ಗಿರಾಕಿ. ಯಂತ್ರದ ಜೋಡು ಎನ್ನೋಣ. ಕಚೇರಿಯಲ್ಲಿ ರಬ್ಬರ್ ಮೊಹರು ಒತ್ತಿ ಎತ್ತುವಾಗ ಕೈ ಅಲುಗಿದರೆ ಅಕ್ಷರದ ಒಂದು ಬದಿ ಉಜ್ಜಿಹೋಗುತ್ತದಲ್ಲ, ಅದೇ ಇದು. ಅಚ್ಚು ಸಡಿಲವಾಗಿದ್ದರೆ ಪೆಟ್ಟು ಬಿದ್ದ ಮರುಕ್ಷಣ ಅದು ಅದುರಿ ಆಗತಾನೆ ಎದ್ದ ಅಕ್ಷರದ ಬದಿಯನ್ನು ಕೆಳಕ್ಕೆ ತಳ್ಳುತ್ತದೆ. ಹಾಗಾಗಿ ಎರಡನೆಯ ‘ಚಿತ್ರ’ ತಗ್ಗಿನಲ್ಲಿ, ಚಪ್ಪಟೆಯಾಗಿ, ಹೊಳೆಯುತ್ತ ಇರುತ್ತದೆ.

ಗುರುತಿಸುವ ಉಪಾಯ ಸುಲಭ. ಅಕ್ಷರದ ಒಟ್ಟು ಅಗಲವನ್ನು ಸರಿಯಾದ ಇನ್ನೊಂದು ನಾಣ್ಯದ ಜೊತೆ ಹೋಲಿಸಿ. ಯಂತ್ರದ ಜೋಡಿನಲ್ಲಿ ಮೆಟ್ಟಿಲು ಹುಟ್ಟುವುದು ಅಕ್ಷರದ ಹೊಟ್ಟೆಯನ್ನೇ ಕೊಯ್ದು. ಒಟ್ಟು ಅಗಲ ಹೆಚ್ಚುವುದಿಲ್ಲ, ಅಕ್ಷರದ ನೆತ್ತಿ ಸಣ್ಣದಾಗುತ್ತದೆ. ಡಬಲ್ ಡೈಯಲ್ಲಿ ಅಕ್ಷರ ದಪ್ಪವಾಗುತ್ತದೆ, ಏಕೆಂದರೆ ಅಲ್ಲಿ ನಿಜವಾಗಿಯೂ ಎರಡು ಅಕ್ಷರಗಳಿವೆ. ಸವೆತದಲ್ಲೂ ದಪ್ಪವಾಗುತ್ತದೆ, ಆದರೆ ಬುಡದಲ್ಲಿ ಮಾತ್ರ, ಅದೂ ಕರಗಿದಂತೆ.

ಅಮೆರಿಕದ 1969ರ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಒಂದು ಸೆಂಟ್ ಇದಕ್ಕೆ ಚೆಂದದ ಉದಾಹರಣೆ. ಅದರಲ್ಲಿ ಬಹಳ ಅಪರೂಪದ ನಿಜವಾದ ಡಬಲ್ ಡೈ ಇದೆ. ಅದೇ ವರ್ಷದ ಅದೇ ಟಂಕಸಾಲೆಯ ಸೆಂಟುಗಳಲ್ಲಿ ಯಂತ್ರದ ಜೋಡೂ ಧಾರಾಳವಾಗಿದೆ. ಎರಡನ್ನೂ ಬೇರ್ಪಡಿಸುವುದು ವರ್ಷದ ಕೆಳಗಿರುವ ಪುಟ್ಟ ‘ಎಸ್’ ಅಕ್ಷರ. ಆ ಕಾಲದಲ್ಲಿ ಟಂಕಸಾಲೆಯ ಗುರುತನ್ನು ಅಚ್ಚು ತಯಾರಾದ ಮೇಲೆ ಪ್ರತ್ಯೇಕವಾಗಿ ಕೈಯಿಂದ ಹೊಡೆಯುತ್ತಿದ್ದರು. ಹಾಗಾಗಿ ಉಬ್ಬಚ್ಚು ಎಷ್ಟು ತಿರುಗಿದ್ದರೂ ‘ಎಸ್’ ಜೋಡಾಗುವುದಿಲ್ಲ. ವರ್ಷದ ಜೊತೆಗೆ ‘ಎಸ್’ ಕೂಡ ಜೋಡಾಗಿ ಕಂಡರೆ ಅದು ಪೆಟ್ಟು ಬಿದ್ದ ಮೇಲೆ ಆದ ಅದುರಾಟ. ನಿಜವಾದ ಡಬಲ್ ಡೈಗಳು ಮೊದಲು ಬೆಳಕಿಗೆ ಬಂದಾಗ ಅವನ್ನು ಖೋಟಾ ಎಂದು ತಿಳಿದು ಅಲ್ಲಿನ ಸರ್ಕಾರದ ಗುಪ್ತಸೇವೆಯವರು ಕೆಲವನ್ನು ವಶಪಡಿಸಿಕೊಂಡದ್ದೂ ಉಂಟು!

ಒಂದೇ ನಾಣ್ಯ ನೋಡಿ ಖಚಿತವಾಗಿ ಹೇಳಬಹುದೇ?

ಸ್ಪಷ್ಟವಾಗಿದ್ದರೆ ಹೇಳಬಹುದು. ಸಂದೇಹ ಇದ್ದರೆ ಅದೇ ಅಚ್ಚಿನ ಅಣ್ಣತಮ್ಮಂದಿರನ್ನು ಹುಡುಕಬೇಕು. ಅಚ್ಚಿಗೂ ಹುಟ್ಟುಮಚ್ಚೆಗಳಿವೆ: ಒಂದು ಸಣ್ಣ ಬಿರುಕು, ಪಾಲಿಶ್ ಮಾಡುವಾಗ ಉಳಿದ ಒಂದು ಗೀರು, ಚಕ್ಕೆ ಎದ್ದ ಜಾಗದಲ್ಲಿ ಒಂದು ಗುಳ್ಳೆ. ಆ ಮಚ್ಚೆ ಹಿಡಿದು ಒಂದೇ ಅಚ್ಚಿನ ನಾಲ್ಕಾರು ನಾಣ್ಯಗಳನ್ನು ಸಾಲಾಗಿ ಜೋಡಿಸಿ. ಬಿರುಕು ಚಿಕ್ಕದಾಗಿರುವುದು ಮೊದಲು ಹುಟ್ಟಿದ್ದು, ದೊಡ್ಡದಾಗಿರುವುದು ಆಮೇಲಿನದ್ದು.

ಈಗ ನೋಡಿ. ಜೋಡುಗೆರೆ ಮೊದಲನೆಯದರಿಂದ ಕೊನೆಯದರವರೆಗೆ ಒಂದೇ ಜಾಗದಲ್ಲಿ ಒಂದೇ ಅಂತರದಲ್ಲಿ ಇದ್ದರೆ ಅದು ಅಚ್ಚಿನ ಹುಟ್ಟಿನೊಂದಿಗೇ ಬಂದದ್ದು. ಚೊಚ್ಚಲು ನಾಣ್ಯದಲ್ಲೇ ಅದು ಅತ್ಯಂತ ಚೂಪು, ಅಚ್ಚು ಸವೆದಂತೆ ಮಂಕಾಗುತ್ತ ಹೋಗುತ್ತದೆ. ಸವೆತದ ನೆರಳಿನ ನಡೆ ಇದಕ್ಕೆ ತಿರುಗುಮುರುಗು. ಮೊದಲ ನಾಣ್ಯದಲ್ಲಿ ಅದು ಇಲ್ಲವೇ ಇಲ್ಲ, ಬರುಬರುತ್ತ ಬೆಳೆಯುತ್ತದೆ. ಯಂತ್ರದ ಜೋಡು ಒಂದರಲ್ಲಿ ಇದ್ದು ಮುಂದಿನದರಲ್ಲಿ ಮಾಯವಾಗಬಹುದು.

ಈ ಸಾಲು ಜೋಡಿಸುವ ಕೆಲಸಕ್ಕೆ ಗಲ್ಲೆಯಂಥ ಜಾಗ ಇನ್ನೊಂದಿಲ್ಲ. ಬ್ಯಾಂಕಿನಿಂದ ಒಂದೇ ಚೀಲದಲ್ಲಿ ತಂದ ಹೊಸ ನಾಣ್ಯಗಳಲ್ಲಿ ಒಂದೇ ಅಚ್ಚಿನವು ಹಲವು ಸಿಗುತ್ತವೆ. ಗಿರಾಕಿ ‘ಸುಟ್ಟೆ ದ್ಯಾ’, ಅಂದರೆ ಚಿಲ್ಲರೆ ಕೊಡಿ, ಎಂದು ಮರಾಠಿಯಲ್ಲಿ ಕೇಳಿ ಕೈಚಾಚಿ ನಿಂತಿರುವಾಗ ನಾನು ನಾಣ್ಯವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದುದಕ್ಕೆ ಮಾಲೀಕರಿಂದ ಬೈಸಿಕೊಂಡದ್ದೂ ಉಂಟು. ಬೈದದ್ದು ನ್ಯಾಯವೇ.

1955ರ ಸೆಂಟ್ ಎಂದು ಎಲ್ಲರೂ ಹೇಳುತ್ತಾರಲ್ಲ, ಅದೇನು?

ಡಬಲ್ ಡೈಗಳ ಪೈಕಿ ಅದು ರಾಜ. 1955ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಲಿಂಕನ್ ಸೆಂಟಿನ ಒಂದು ಅಚ್ಚು ಎರಡನೆಯ ಒತ್ತಿನಲ್ಲಿ ಚೆನ್ನಾಗಿಯೇ ತಿರುಗಿಬಿಟ್ಟಿತು. ವರ್ಷ, ‘ಲಿಬರ್ಟಿ’ ಎಂಬ ಪದ, ಮೇಲಿನ ಧ್ಯೇಯವಾಕ್ಯ ಎಲ್ಲವೂ ಬರಿಗಣ್ಣಿಗೆ ಎರಡೆರಡು. ನಡುವೆ ಇರುವ ಲಿಂಕನ್ನನ ಮುಖ ಮಾತ್ರ ಹೆಚ್ಚುಕಡಿಮೆ ಒಂದೇ, ತಿರುಗಣಿಯ ನಡುವಿನಲ್ಲಿ ಕೂತವನಿಗೆ ಏನಾಗಬೇಕು? ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಸಾವಿರಾರು ನಾಣ್ಯಗಳು ಬೇರೆ ಸರಿಯಾದ ನಾಣ್ಯಗಳ ರಾಶಿಯಲ್ಲಿ ಬೆರೆತಿದ್ದವು. ಇಡೀ ರಾಶಿಯನ್ನು ಕರಗಿಸುವುದಕ್ಕಿಂತ ಹಾಗೇ ಬಿಡುವುದು ವಾಸಿ ಎಂದು ಬಿಟ್ಟರು. ಹೊರಗೆ ಹೋದದ್ದು ಇಪ್ಪತ್ತು ಸಾವಿರದ ಆಸುಪಾಸು ಎನ್ನುತ್ತಾರೆ. ಆಗ ಅಲ್ಲಿ ಯಂತ್ರದಲ್ಲಿ ಮಾರುತ್ತಿದ್ದ ಸಿಗರೇಟ್ ಪೊಟ್ಟಣಕ್ಕೆ 23 ಸೆಂಟ್. ಜನ 25 ಸೆಂಟಿನ ನಾಣ್ಯ ಹಾಕುತ್ತಿದ್ದರು, ಉಳಿದ ಎರಡು ಸೆಂಟ್ ಪೊಟ್ಟಣದೊಳಗೇ ಇರುತ್ತಿತ್ತು. ಈ ನಾಣ್ಯಗಳಲ್ಲಿ ಹಲವು ಹಾಗೆ ಸಿಗರೇಟಿನ ಚಿಲ್ಲರೆಯಾಗಿ ಜನರ ಕೈಸೇರಿದವು. ಗಲ್ಲೆಯವನಾದ ನನಗೆ ಈ ಚಿಲ್ಲರೆಯ ಭಾಗವೇ ಹೆಚ್ಚು ಇಷ್ಟ.

ಇದಕ್ಕೊಂದು ಬಾಲವಿದೆ, ನಮ್ಮ ವಿಷಯಕ್ಕೆ ಬೇಕಾದದ್ದೂ ಅದೇ. ಅದೇ 1955ರ ಬೇರೆ ಸೆಂಟುಗಳಲ್ಲಿ ವರ್ಷದ ಕೊನೆಯ ‘5’ ಅಂಕಿಗೆ ಮಾತ್ರ ಒಂದು ಮಸುಕು ನೆರಳು ಕಾಣುತ್ತದೆ. ಅದನ್ನು ‘ಬಡವರ ಡಬಲ್ ಡೈ’ ಎಂದು ಹೆಸರಿಟ್ಟು ಮಾರಿದರು. ಅದು ಶುದ್ಧ ಸವೆತ. ಹೆಸರಿನಲ್ಲಿ ಡಬಲ್ ಡೈ ಇದೆ, ನಾಣ್ಯದಲ್ಲಿ ಇಲ್ಲ. ಅಸಲಿಗೆ ಸಾವಿರ ಡಾಲರಿಗೂ ಮೀರಿದ ಬೆಲೆ, ಬಡವರದ್ದಕ್ಕೆ ಚಿಲ್ಲರೆ ಕಾಸು. ಕೊನೆಯ ‘5’ ಅಂಚಿಗೆ ಹತ್ತಿರ ಇದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲವಷ್ಟೆ.

ಈಗಿನ ಯಂತ್ರಗಳು ಒಂದೇ ಒತ್ತಿಗೆ ಅಚ್ಚು ಮಾಡುತ್ತವಂತೆ. ಹಾಗಾದರೆ ಹೊಸ ನಾಣ್ಯಗಳಲ್ಲಿ ಡಬಲ್ ಡೈ ಬರುವುದೇ ಇಲ್ಲವೇ?

ದೊಡ್ಡವು ಬರುವುದು ಕಷ್ಟ, ಚಿಕ್ಕವು ಬರುತ್ತವೆ. ಅಮೆರಿಕದ ಟಂಕಸಾಲೆ 1990ರ ದಶಕದ ಕೊನೆಯ ವರ್ಷಗಳಲ್ಲಿ ಒಂದೇ ಒತ್ತಿನ ಪದ್ಧತಿಗೆ ತಿರುಗಿತು. ಆದರೆ ಒತ್ತಿಸಿಕೊಳ್ಳುವ ಉಕ್ಕಿನ ತುಂಡಿನ ಮುಖ ನಡುವೆ ಮೊನಚಾಗಿರುತ್ತದೆ. ಉಬ್ಬಚ್ಚು ಮೊದಲು ತಾಗುವುದು ಆ ಮೊನೆಗೆ. ತಾಗಿದ ಕ್ಷಣ ತುಸು ಓರೆಯಾಗಿದ್ದು ಒತ್ತಡ ಏರಿದಂತೆ ನೆಟ್ಟಗೆ ಕೂತುಕೊಂಡರೆ ನಡುಭಾಗದಲ್ಲಿ ಪುಟ್ಟ ಜೋಡು ಉಳಿಯುತ್ತದೆ. 2009ರಲ್ಲಿ ಲಿಂಕನ್ ಮರದ ದಿಮ್ಮಿಯ ಮೇಲೆ ಕೂತು ಓದುತ್ತಿರುವ ಚಿತ್ರದ ಸೆಂಟ್ ಬಂತು. ಅದರ ಕೆಲವು ಅಚ್ಚುಗಳಲ್ಲಿ ಪುಸ್ತಕ ಹಿಡಿದ ಕೈಗೆ ಒಂದು ಬೆರಳು ಹೆಚ್ಚು!

ಹಾಗಾಗಿ ಹೊಸ ನಾಣ್ಯದಲ್ಲಿ ಅಂಚಿನ ಅಕ್ಷರಗಳನ್ನೇ ನೋಡುತ್ತ ಕೂರಬೇಡಿ. ನಡುವಿನ ಚಿತ್ರದ ಸಣ್ಣ ವಿವರಗಳನ್ನು ನೋಡಿ. ಸವೆತದ ನೆರಳು ಸಾಮಾನ್ಯವಾಗಿ ಸುಳಿಯದ ಜಾಗ ಅದು.

ಯಾವ ಗಾಜು ಕೊಳ್ಳಲಿ? ಯಾವ ಬೆಳಕು?

ಅಕ್ಕಸಾಲಿಗರು ಕಣ್ಣಿಗೆ ಒತ್ತಿಕೊಳ್ಳುವ ಹತ್ತು ಪಟ್ಟಿನ ಲೂಪ್ ಸಾಕು. ಝವೇರಿ ಬಜಾರಿನ ಕಡೆ ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ನಲವತ್ತು, ಅರವತ್ತು ಪಟ್ಟು ಎಂದು ಬರೆದ ಅಗ್ಗದ ಗಾಜು ಬೇಡ. ಪಟ್ಟು ಹೆಚ್ಚಿದಷ್ಟೂ ಪ್ರತಿ ಗೀರೂ ಡಬಲ್ ಡೈಯಂತೆ ಕಾಣುತ್ತದೆ, ನಿದ್ದೆ ಕೆಡುತ್ತದೆ. ಬೆಳಕು ಒಂದೇ ಇರಲಿ, ಒಂದು ಕಡೆಯಿಂದ ಬರಲಿ. ನಾಣ್ಯವನ್ನು ಮೇಜಿನ ಮೇಲೆ ಮೆಲ್ಲಗೆ ಸುತ್ತು ತಿರುಗಿಸಿ. ಜೋಡುಗೆರೆ ನಾಣ್ಯದ ಜೊತೆ ತಿರುಗಿದರೆ ಅದು ನಾಣ್ಯದ್ದು. ಜೋಡು ದೀಪದ ಎದುರಿನ ಬದಿಗೇ ಅಂಟಿಕೊಂಡು ನಿಂತರೆ ಅದು ಬರೀ ನೆರಳು.

ಮೊಬೈಲ್ ಫೋಟೊ ಕಳುಹಿಸುವವರಿಗೆ ಒಂದು ವಿನಂತಿ. ಟ್ಯೂಬ್‌ಲೈಟಿನ ಕೆಳಗೆ ಫ್ಲಾಶ್ ಹಾಕಿ ತೆಗೆದರೆ ಎರಡು ಬೆಳಕು, ಎರಡು ನೆರಳು. ಅಂಥ ಫೋಟೊದಲ್ಲಿ ನನ್ನ ಮೂಗಿಗೂ ಡಬಲ್ ಡೈ ಇದೆ. ಬೆಳಗ್ಗೆ ಕಿಟಕಿಯ ಪಕ್ಕದಲ್ಲಿ, ಫ್ಲಾಶ್ ಆರಿಸಿ, ಕೈ ಅಲುಗದಂತೆ ತೆಗೆಯಿರಿ. ಇಡೀ ನಾಣ್ಯದ್ದು ಒಂದು, ಅಕ್ಷರದ ಮೂಲೆಯದ್ದು ಒಂದು.

ಹುಣಸೆಹಣ್ಣು, ಪಿತಾಂಬರಿ ಪುಡಿ ಹಾಕಿ ಉಜ್ಜಿದರೆ ಸ್ಪಷ್ಟವಾಗಿ ಕಾಣುವುದಿಲ್ಲವೇ?

ಬೇಡ. ಅದು ದೇವರ ಮನೆಯ ಹಿತ್ತಾಳೆ ದೀಪಕ್ಕೆ ಇರಲಿ. ಉಜ್ಜಿದ ನಾಣ್ಯದಲ್ಲಿ ಮೊದಲು ಅಳಿಯುವುದೇ ನಾವು ಹುಡುಕುವ ಕಚ್ಚು ಮತ್ತು ಲೋಹ ಹರಿದ ಗೆರೆ.

ವಜ್ರದ ಗುರುತಿದ್ದರೆ ಬೆಲೆ ಹೆಚ್ಚೇ?

ವರ್ಷದ ಕೆಳಗೆ ವಜ್ರದಾಕಾರ ಇದ್ದರೆ ಮುಂಬಯಿ, ನಕ್ಷತ್ರ ಇದ್ದರೆ ಹೈದರಾಬಾದ್, ಗುಂಡಗಿನ ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದು ಊರಿನ ಹೆಸರು ಮಾತ್ರ, ಬೆಲೆಯ ಚೀಟಿಯಲ್ಲ.

ಒಂದು ರೂಪಾಯಿಗೆ ಲಕ್ಷ ಕೊಡುತ್ತೇವೆ ಎಂಬ ಜಾಹೀರಾತು ನಿಜವೇ? ರಿಸರ್ವ್ ಬ್ಯಾಂಕಿನ ಹೆಸರೂ ಇದೆ.

ರಿಸರ್ವ್ ಬ್ಯಾಂಕಿನ ಹೆಸರು ಇದ್ದರೆ ಅಲ್ಲಿಗೇ ಪುಟ ಮುಚ್ಚಿ. ಹಳೆಯ ನೋಟು ನಾಣ್ಯ ಮಾರಿಸಿಕೊಡುತ್ತೇವೆ ಎಂದು ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಇದಕ್ಕೆ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಕೊಳ್ಳುವವನು ನಿಮಗೆ ಹಣ ಕೊಡಬೇಕು. ಮೊದಲು ನಿಮ್ಮಿಂದಲೇ ಎರಡು ಸಾವಿರ ಕೇಳಿದರೆ ಅವನಿಗೆ ಬೇಕಾದದ್ದು ನಾಣ್ಯವಲ್ಲ.

ಸವೆದ ಅಚ್ಚಿನ ನಾಣ್ಯಕ್ಕೆ ಮುಖಬೆಲೆಗಿಂತ ಹೆಚ್ಚು ಕೊಡಬೇಡಿ, ಕೇಳಲೂ ಬೇಡಿ. ಚೆನ್ನಾಗಿ ಕಂಡರೆ ಇಟ್ಟುಕೊಳ್ಳಿ. ನಾನೂ ಒಂದು ಬಿಸ್ಕತ್ ಡಬ್ಬಿ ತುಂಬ ಇಟ್ಟುಕೊಂಡಿದ್ದೇನೆ.

ಮುಂಬಯಿಯಲ್ಲಿ ಒಳ್ಳೆಯ ನಾಣ್ಯಗಳನ್ನು ಕಣ್ಣಾರೆ ನೋಡಲು ಎಲ್ಲಿ ಹೋಗಬೇಕು?

ಫೋರ್ಟಿನಲ್ಲಿ ಸರ್ ಫಿರೋಜ್‌ಶಾ ಮೆಹ್ತಾ ರಸ್ತೆಯ ಅಮರ್ ಕಟ್ಟಡದಲ್ಲಿ ರಿಸರ್ವ್ ಬ್ಯಾಂಕಿನ ಹಣದ ವಸ್ತುಸಂಗ್ರಹಾಲಯ ಇದೆ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲೂ ನಾಣ್ಯಗಳ ವಿಭಾಗವಿದೆ. ಟಂಕಸಾಲೆ ಇರುವುದೂ ಫೋರ್ಟಿನಲ್ಲೇ, ಆದರೆ ಅಲ್ಲಿ ಒಳಗೆ ಹೋಗಿ ಅಚ್ಚು ತೋರಿಸಿ ಎನ್ನುವ ಹಾಗಿಲ್ಲ. ಗಾಜಿನ ಹಿಂದಿನ ನಾಣ್ಯದಲ್ಲಿ ಕಚ್ಚು ಹುಡುಕಲಾಗದು ನಿಜ. ಆದರೂ ಸರಿಯಾದ ಅಕ್ಷರ ಹೇಗಿರುತ್ತದೆ ಎಂದು ಕಣ್ಣಿಗೆ ರೂಢಿಯಾಗಲಿ.

ನೀವು ಎಂದಾದರೂ ಮೋಸ ಹೋಗಿದ್ದೀರಾ?

ಹೋಗದೆ ಇಷ್ಟೆಲ್ಲ ಕಲಿಯುವುದುಂಟೇ? ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ಭಾನುವಾರ, ಪಾದಚಾರಿ ರಸ್ತೆಯಲ್ಲಿ ಬಟ್ಟೆ ಹಾಸಿ ನಾಣ್ಯ ಮಾರುತ್ತಿದ್ದ ಒಬ್ಬನ ಹತ್ತಿರ ಎಂಟು ನೂರು ರೂಪಾಯಿ ಕೊಟ್ಟು ಒಂದು ‘ಡಬಲ್ ಡೈ’ ರೂಪಾಯಿ ಕೊಂಡೆ. ಆಗ ನನ್ನ ಸಂಬಳದಲ್ಲಿ ಎಂಟು ನೂರು ಎಂದರೆ ಕಡಿಮೆ ಮಾತಲ್ಲ. ಮನೆಯಲ್ಲಿ ಹೇಳಲಿಲ್ಲ. ಎರಡು ವರ್ಷದ ಮೇಲೆ ಲೂಪ್ ಕೊಂಡು ನೋಡಿದರೆ ಅಂಚಿನ ಸುತ್ತ ಕಿತ್ತಳೆ ಸಿಪ್ಪೆ, ಅಕ್ಷರದ ಬುಡದಲ್ಲೆಲ್ಲ ಬೆಣ್ಣೆ. ಒಂದು ಕಚ್ಚೂ ಇಲ್ಲ. ಮಾರಿದವನಿಗೂ ಗೊತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಅವನ ಹತ್ತಿರ ಲೂಪ್ ಇರಲಿಲ್ಲ.

ಆ ನಾಣ್ಯ ಈಗಲೂ ಇದೆ. ಹೊಸದಾಗಿ ಬರುವವರ ಕೈಗೆ ಮೊದಲು ಕೊಡುವುದು ಅದನ್ನೇ, ಏನೂ ಹೇಳದೆ. ಹೋದ ತಿಂಗಳು ಬಂದ ಹುಡುಗಿಯೊಬ್ಬಳು ಲೂಪ್ ಒತ್ತಿಕೊಂಡು ಬಹಳ ಹೊತ್ತು ನೋಡಿ, ‘ಅಂಕಲ್, ಅಕ್ಷರ ಬಿಡಿ, ಪಕ್ಕದಲ್ಲಿ ಇದೇನು ಇಷ್ಟು ಗೀರು?’ ಎಂದಳು. ಒಳಗಿನಿಂದ ನನ್ನ ಹೆಂಡತಿ, ‘ಎಂಟು ನೂರು ರೂಪಾಯಿಯ ಗೀರು’ ಎಂದಳು. ಅವಳಿಗೆ ಯಾವಾಗ ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.